ಪ್ರದರ್ಶನದ ಈರುಳ್ಳಿ ಸಸಿಗಳಿಗೆ ಫ್ಲೀಸ್ ಹೊದಿಕೆ ಸಾಕೇ?

ನಮಸ್ಕಾರ. ಇಂಗ್ಲೆಂಡಿನ ಹಳೆಯ ವಾಡಿಕೆಯಂತೆ ಡಿಸೆಂಬರ್ 26ರಂದು ಬಿತ್ತಿದ ಪ್ರದರ್ಶನದ ಈರುಳ್ಳಿಯ (ಸ್ಪರ್ಧೆಯಲ್ಲಿ ಇಡಲು ಬೆಳೆಸುವ ಭಾರಿ ಗಾತ್ರದ ಈರುಳ್ಳಿಯ) ಸಸಿಗಳನ್ನು ಫೆಬ್ರವರಿಯಲ್ಲಿ ಹೀಟರ್ ಇಲ್ಲದ ಗಾಜಿನಮನೆಗೆ ಸಾಗಿಸಿ, ಮೇಲೆ ಫ್ಲೀಸ್ (ಗಿಡಗಳನ್ನು ಚಳಿಯಿಂದ ಕಾಯುವ ಹಗುರವಾದ ಬಟ್ಟೆ) ಹೊದಿಸಿದರೆ ಸಾಕೇ ಎಂದು ತಾವು ಕೇಳಿದ್ದೀರಿ. ಸಾಲದು ಎಂದೇ ನನ್ನ ಅಭಿಪ್ರಾಯ. ತೆಳುವಾದ ಫ್ಲೀಸ್ ಒಂದೆರಡು ಡಿಗ್ರಿಯಷ್ಟು ಚಳಿಯನ್ನು ಮಾತ್ರ ತಡೆಯುತ್ತದೆ. ಮೋಡವಾಗಲಿ ಗಾಳಿಯಾಗಲಿ ಇಲ್ಲದ ರಾತ್ರಿಗಳಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಸೋರಿಹೋಗುವುದರಿಂದ, ಗಾಜಿನಮನೆಯ ಒಳಗೂ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಬಹುದು. ಸಸಿ ಸಾಯದೆ ಉಳಿದೀತು, ಆದರೆ ಅಡುಗೆಮನೆಯ ಈರುಳ್ಳಿಗೆ ಸಾಲುವಷ್ಟು ಉಳಿವು ಪ್ರದರ್ಶನದ ಈರುಳ್ಳಿಗೆ ಸಾಲದು. ಬೆಳವಣಿಗೆ ತಡೆದರೆ ಗೆಡ್ಡೆಯ ಗಾತ್ರ ಕುಗ್ಗುತ್ತದೆ; ಸಸಿ ದಪ್ಪವಾದ ಮೇಲೆ ವಾರಗಟ್ಟಲೆ ಚಳಿ ತಗುಲಿದರೆ ಹೂದಂಡು ಎದ್ದು ಗೆಡ್ಡೆ ಕೆಡುವ ಅಪಾಯವೂ ಉಂಟು.

ಇಡೀ ಗಾಜಿನಮನೆಯನ್ನು ಬೆಚ್ಚಗಿಡುವುದು ದುಬಾರಿ. ಒಂದು ಮೂಲೆಯನ್ನು ಗುಳ್ಳೆ ಪ್ಲಾಸ್ಟಿಕ್‌ನಿಂದ ಬೇರ್ಪಡಿಸಿ, ಸಸಿಗಳ ಮಟ್ಟದಲ್ಲೇ ಥರ್ಮಾಮೀಟರ್ ಇಟ್ಟು, ಥರ್ಮೋಸ್ಟಾಟ್ ಇರುವ ವಿದ್ಯುತ್ ಫ್ಯಾನ್ ಹೀಟರನ್ನು 10 ಡಿಗ್ರಿಗೆ ಹೊಂದಿಸಿ. ಸೀಮೆಎಣ್ಣೆಯ ಹೀಟರ್ ಉರಿಯುವಾಗ ನೀರಾವಿ ಹೊರಬರುವುದರಿಂದ ಸಸಿಗಳಿಗೆ ಬೂಷ್ಟು ಹಿಡಿಯಬಹುದು. ಅದನ್ನು ನಾನು ಶಿಫಾರಸು ಮಾಡಲಾರೆ. ಫ್ಲೀಸನ್ನು ರಾತ್ರಿಯ ಹೆಚ್ಚುವರಿ ಹೊದಿಕೆಯಾಗಿ ಬಳಸಿ, ಬೆಳಿಗ್ಗೆ ತಪ್ಪದೆ ತೆಗೆಯಿರಿ.