ಶಾಂಘೈಯಲ್ಲಿ ಪಿಯಾನೊ ಪಾಠ: ಸಹಿ ಹಾಕುವ ಮುನ್ನ

ಓದುಗರೊಬ್ಬರು, ಮೈಸೂರು: ನಾನು ಪಿಯಾನೊ ಕಲಿಸುತ್ತೇನೆ, ನಮ್ಮ ಯಜಮಾನರು ವಯಲಿನ್. ಶಾಂಘೈಯ ಅಂತರರಾಷ್ಟ್ರೀಯ ಶಾಲೆಯೊಂದು ನನ್ನನ್ನು ಕರೆದಿದೆ. ಅವರೂ ಜೊತೆಗೆ ಬಂದು ಮನೆಪಾಠ ಮಾಡಬಹುದೇ? ಏನೇನು ಒಯ್ಯಬೇಕು?

ಸಂಪಾದಕರು: ಮನೆಪಾಠ ಆಗದು. ಅವಲಂಬಿತರ ಎಸ್1 ವೀಸಾದಲ್ಲಿ ಹೋದವರು ಒಂದು ಯುವಾನನ್ನೂ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ, ಮೇಲೆ ಗಡೀಪಾರಿನ ಭಯ. ನಿಮ್ಮ ಪರವಾನಗಿಯೂ ಕರೆದ ಶಾಲೆಗಷ್ಟೇ. ಸಂಜೆ ಹೊರಗೆ ಪಾಠ ಹೇಳಿದರೆ ನೀವೂ ತಪ್ಪಿತಸ್ಥರೇ. ಅವರಿಗೂ ನೇಮಕಾತಿ, ಕೆಲಸದ ಝಡ್ ವೀಸಾ ಕೇಳಿ. ಇಬ್ಬರು ಶಿಕ್ಷಕರಿಗೆ ಒಂದೇ ಮನೆ ಕೊಟ್ಟರಾಯಿತು ಎಂಬುದು ಶಾಲೆಗೂ ಗೊತ್ತು, ಸಂಕೋಚ ಬೇಡ.

ಕಾಗದಪತ್ರ ಈಗಲೇ ಶುರುಮಾಡಿ. ಪದವಿ ಮತ್ತು ಎರಡು ವರ್ಷದ ಅನುಭವ ಬೇಕು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯ ಗ್ರೇಡ್ 8 ಪದವಿಯಲ್ಲ. ಭಾರತದ ಪದವಿಗೆ ಅಪಾಸ್ಟಿಲ್ (ದಾಖಲೆ ಅಸಲಿಯೆಂದು ನಮ್ಮ ವಿದೇಶಾಂಗ ಸಚಿವಾಲಯ ಒತ್ತುವ ಮೊಹರು) ಒಂದೇ ಸಾಲದು, ಕೊನೆಗೆ ಚೀನಾ ರಾಯಭಾರ ಕಚೇರಿಯ ಮೊಹರೂ ಬೀಳಬೇಕು. ನಮ್ಮವರು ಎಡವುವುದು ಇನಿಷಿಯಲ್‌ನಲ್ಲಿ: ಪದವಿಪತ್ರದಲ್ಲಿ ‘ಎಚ್.ಎಸ್.’, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಪೂರ್ತಿ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಡಿ. ಇಳಿದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಣಿ (ಹೋಟೆಲಾದರೆ ಅವರೇ ಮಾಡುತ್ತಾರೆ), 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ.

ಸಂಬಳಕ್ಕಿಂತ ಮೊದಲು, ಅಲ್ಲಿ ಓದುವ ಮಕ್ಕಳು ಯಾರೆಂದು ಕೇಳಿ. ವಿದೇಶಿ ಮಕ್ಕಳಿಗಷ್ಟೇ ಇರುವ ಶಾಲೆ ಬೇರೆ, ಚೀನೀ ಮಕ್ಕಳ ಖಾಸಗಿ ದ್ವಿಭಾಷಾ ಶಾಲೆ ಬೇರೆ. ಎರಡನೆಯದರಲ್ಲಿ ಒಂಬತ್ತನೇ ತರಗತಿವರೆಗೆ ರಾಷ್ಟ್ರೀಯ ಪಠ್ಯವೇ. 2021ರ ಸೆಪ್ಟೆಂಬರಿನಿಂದ ವಿದೇಶಿ ಪಠ್ಯಪುಸ್ತಕಕ್ಕೆ ಅಲ್ಲಿ ಜಾಗವಿಲ್ಲ. ಮೇಲಿನ ತರಗತಿಗೆ ಕೇಂಬ್ರಿಜ್ ಐಜಿಸಿಎಸ್‌ಇ (ಹತ್ತನೇ ತರಗತಿ ಮಟ್ಟದ ಬ್ರಿಟಿಷ್ ಪರೀಕ್ಷೆ) ಇದ್ದರೆ ಸಂಗೀತದ ಅಂಕಗಳಲ್ಲಿ ಕೇಳ್ಮೆಗೆ ಶೇ. 40, ನುಡಿಸಾಣಿಕೆಗೆ 30, ಸ್ವಂತ ರಚನೆಗೆ 30. ಗ್ರೇಡ್ ಪರೀಕ್ಷೆಗೆಂದೇ ಪಳಗಿದ ಬೆರಳುಗಳು ಮೊದಲ ಸಲ ಎಡವುವುದು ರಚನೆಯಲ್ಲಿ. ಕೂಡಿ ನುಡಿಸುವ ಮೇಳದಲ್ಲೂ ಕಷ್ಟವೇ: ಎಲ್ಲರೂ ಪಿಯಾನೊದವರಾದರೆ ಬೇಸ್ (ತಗ್ಗು ಸ್ವರಗಳ ಭಾಗ) ಹಿಡಿಯುವವರು ಯಾರು?

ಒಂದು ಅನುಕೂಲವೂ ಇದೆ. ಹಾಡುವ ತರಗತಿಗಳಲ್ಲಿ ಬಳಸುವ ‘ಜಿಯೆನ್‌ಪು’ ಅಂಕಿಗಳ ಸ್ವರಲಿಪಿ. ಮೇಲೆ 1=ಜಿ ಎಂದಿದ್ದರೆ ಷಡ್ಜ ಜಿಯಲ್ಲಿ. ಅಂಕಿಯ ಮೇಲೆ ಚುಕ್ಕೆಯಿದ್ದರೆ ತಾರ, ಕೆಳಗಿದ್ದರೆ ಮಂದ್ರ. ಕಾಲ ಅರ್ಧವಾಗಲು ನಾವು ಮೇಲೆ ಎಳೆಯುವ ಗೆರೆ ಅಲ್ಲಿ ಅಡಿಯಲ್ಲಿರುತ್ತದೆ. ಸರಿಗಮ ಬರೆದು ಬಲ್ಲವರಿಗೆ ಒಂದು ಸಂಜೆಯ ಕೆಲಸ.

ಹವೆಯ ವಿಷಯ ಯಾರೂ ಹೇಳುವುದಿಲ್ಲ. ಜೂನ್ ಮಧ್ಯದಿಂದ ಜುಲೈವರೆಗೆ ‘ಮೇಯ್‌ಯು’ ಮಳೆ. ಪಿಯಾನೊದೊಳಗಿನ ಫೆಲ್ಟ್ ಊದಿ ಒತ್ತಿದ ಕೀಲಿ ಮೇಲೇಳದು, ವಯಲಿನ್ ಬಿರಡೆ ತಿರುಗದು. ಚಳಿಗಾಲದ ಹೀಟರ್ ಗಾಳಿಗೆ ಅದೇ ಬಿರಡೆ ಜಾರಿ ತಂತಿ ಸಡಿಲಾಗುತ್ತದೆ. ಕೋಣೆಯ ತೇವಾಂಶ ಶೇ. 45–60ರಲ್ಲಿರಲಿ, ಮಾಪಕವನ್ನು ಗೋಡೆಗೆ ತೂಗುಹಾಕಿ. ಬೇಸಿಗೆ ರಜೆಗೆ ಹೊರಡುವಾಗ ತೇವ ಹೀರುವ ಯಂತ್ರವನ್ನು ಸುಮ್ಮನೆ ಚಾಲೂ ಮಾಡಿ ಬಂದರೆ ತೊಟ್ಟಿ ತುಂಬಿದೊಡನೆ ಅದು ತಾನೇ ನಿಲ್ಲುತ್ತದೆ, ಮರಳುವಷ್ಟರಲ್ಲಿ ಪೆಟ್ಟಿಗೆಗಳಿಗೆಲ್ಲ ಬೂಷ್ಟು. ಹಿಂಬದಿಯ ರಂಧ್ರಕ್ಕೆ ಪೈಪ್ ಸಿಕ್ಕಿಸಿ ಸಿಂಕಿಗೆ ಬಿಡಿ.

ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಯೂಟ್ಯೂಬ್, ಗೂಗಲ್ ಡ್ರೈವ್ ಅಲ್ಲಿ ತೆರೆಯವು. ಪಾಠದ ಧ್ವನಿಮುದ್ರಣ, ಸ್ವರಲಿಪಿ ಎಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ತಂತಿ, ರೋಸಿನ್ ಹೊರಬೇಡಿ, ಸಂಗೀತ ವಿದ್ಯಾಲಯದ ಪಕ್ಕದ ಫೆನ್‌ಯಾಂಗ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಬರುವಾಗ ಎರಡು ತಂತಿಯ ಚೀನೀ ವಾದ್ಯ ಅರ್ಹು ತರುವ ಆಸೆಯಾದೀತು. ಅದರ ಮುಖಕ್ಕೆ ಬಿಗಿದದ್ದು ಹೆಬ್ಬಾವಿನ ಚರ್ಮ; ಸೈಟೀಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯಿಲ್ಲದೆ ಕೊಂಡರೆ ಕಸ್ಟಮ್ಸ್‌ನವರ ಪಾಲಾದೀತು.