ರೇಡಿಯೇಷನ್ ಒಬ್ಬರಿಗೆ 15 ದಿನ, ಇನ್ನೊಬ್ಬರಿಗೆ 35 ದಿನ ಏಕೆ?

ನಿಮ್ಮ ತಂದೆಯವರ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ 35 ಸಿಟ್ಟಿಂಗ್ ಬರೆದಿದ್ದಾರೆ, ಜೊತೆಯಲ್ಲಿದ್ದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ರೋಗಿಗೆ 15ಕ್ಕೇ ಮುಗಿಯಿತು, ಹಾಗಾದರೆ ತಂದೆಯವರ ಕಾಯಿಲೆಯೇ ಕೆಟ್ಟದ್ದೇ ಎಂದು ಕೇಳಿದ್ದೀರಿ. ರೇಡಿಯೇಷನ್ ವಿಭಾಗದಲ್ಲಿ ಫಿಸಿಸಿಸ್ಟ್ ಆಗಿರುವ ನನ್ನ ಉತ್ತರ: ಸಿಟ್ಟಿಂಗ್‌ಗಳ ಸಂಖ್ಯೆ ನೋಡಿ ಹಾಗೆ ಹೇಳಲು ಬರುವುದಿಲ್ಲ.

ವಿಕಿರಣವು ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಬಹುಪಾಲು ಗಡ್ಡೆಗಳ ಕೋಶಗಳು ಕೂಡಲೇ ಸಾಯದೆ, ಮುಂದೆ ವಿಭಜನೆಗೊಳ್ಳಲು ಹೋದಾಗ ಸಾಯುತ್ತವೆ. ಲಿಂಫೋಮಾದ ಕೋಶಗಳಾದರೋ ಕೆಲವೇ ಗಂಟೆಗಳಲ್ಲಿ ತಾವಾಗಿಯೇ ನಾಶವಾಗಬಲ್ಲವು. ಹೀಗಾಗಿ ಕುತ್ತಿಗೆಯ ಗಂಟು ಬೇಗ ಕರಗಿ, ತಲೆ-ಕುತ್ತಿಗೆ ಅಲುಗದಂತೆ ಹಿಡಿದಿಡುವ, ಮೊದಲ ದಿನ ಬಿಗಿಯಾಗಿ ಕೂತಿದ್ದ ಪ್ಲಾಸ್ಟಿಕ್ ಮಾಸ್ಕ್ ಎರಡನೇ ವಾರಕ್ಕೇ ಸಡಿಲವಾಗಿ, ಹೊಸದನ್ನು ಮಾಡಬೇಕಾಗಿ ಬರುವುದುಂಟು. ಕೀಮೋ ಆದ ಮೇಲೆ ಲಿಂಫೋಮಾಕ್ಕೆ 30 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಆಸುಪಾಸು ಸಾಕಾಗುತ್ತದೆ. ವೃಷಣದ ಸೆಮಿನೋಮಾ ಎಂಬ ಕ್ಯಾನ್ಸರ್ ಕೂಡ ಇದೇ ಗುಂಪಿನದು. ತಂದೆಯವರದು ಸ್ಕ್ವೇಮಸ್ ಜಾತಿಯದಾಗಿದ್ದರೆ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವಂಥದ್ದು; ಧ್ವನಿಪೆಟ್ಟಿಗೆಯಲ್ಲಿ ಹೆಚ್ಚಾಗಿ ಅದೇ) ದಿನಕ್ಕೆ 2ರಂತೆ 70 ಗ್ರೇ ಬೇಕು; ಆದರೆ ಆರಂಭದ ಹಂತದಲ್ಲಿ ಸಿಕ್ಕಿದರೆ ಧ್ವನಿ ಉಳಿಸಿಕೊಂಡೇ ಗುಣಪಡಿಸಬಹುದಾದ ಕ್ಯಾನ್ಸರ್ ಅದು.

ಬೇಗ ಕರಗಿದ್ದೆಲ್ಲ ಗುಣವಾಯಿತೆಂದೂ ಅಲ್ಲ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಚೆನ್ನಾಗಿ ಕರಗಿಯೂ ಬಹಳಷ್ಟು ಸಲ ಮರುಕಳಿಸುತ್ತದೆ. ಪ್ರಾಸ್ಟೇಟ್‌ನಲ್ಲಿ ಚಿಕಿತ್ಸೆ ಫಲಿಸಿದ್ದರೂ ಪಿಎಸ್‌ಎ (ರಕ್ತಪರೀಕ್ಷೆಯಲ್ಲಿ ಅಳೆಯುವ ಪ್ರಾಸ್ಟೇಟ್‌ನ ಪ್ರೋಟೀನ್) ತಳಮಟ್ಟಕ್ಕಿಳಿಯಲು ಒಂದೂವರೆ ವರ್ಷವೋ ಇನ್ನೂ ಹೆಚ್ಚೋ ಬೇಕಾಗಬಹುದು. ಮೆದುಳಿನ ಗ್ಲಿಯೋಬ್ಲಾಸ್ಟೋಮಾ 60 ಗ್ರೇ ಕೊಟ್ಟರೂ ಸಾಮಾನ್ಯವಾಗಿ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಮೂತ್ರಪಿಂಡದ ಕ್ಯಾನ್ಸರ್ ದಿನಕ್ಕೆ 2 ಗ್ರೇಗೆ ಅಷ್ಟಾಗಿ ಬಗ್ಗದು, ಆದ್ದರಿಂದ ಈಗ ಕೆಲವೇ ಸಿಟ್ಟಿಂಗ್‌ಗಳಲ್ಲಿ ದೊಡ್ಡ ಡೋಸ್ ಕೊಡುವ ಎಸ್‌ಬಿಆರ್‌ಟಿ ವಿಧಾನವನ್ನು ಬಳಸುತ್ತಾರೆ.

ಆಮ್ಲಜನಕ ತಲುಪದ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ. ಹೊಗೆ ಸೇದಿದರೆ ರಕ್ತ ಒಯ್ಯುವ ಆಮ್ಲಜನಕ ಕಡಿಮೆಯಾಗುತ್ತದೆ; ಬೀಡಿ, ಸಿಗರೇಟು ಬಿಡಿ ಎಂದು ಡಾಕ್ಟರು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ತಂದೆಯವರ ವಿಷಯದಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ರಜೆಯ ಬಗ್ಗೆ. ನಾಲ್ಕನೇ ವಾರದ ಹೊತ್ತಿಗೆ ಸ್ಕ್ವೇಮಸ್ ಕ್ಯಾನ್ಸರ್‌ನ ಉಳಿದ ಕೋಶಗಳು ಹೆಚ್ಚು ವೇಗವಾಗಿ ಬೆಳೆಯತೊಡಗುತ್ತವೆ, ಹಾಗಾಗಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಷ್ಟೂ ರೋಗ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ. ಹಬ್ಬಕ್ಕೋ, ಬಾಯಿಹುಣ್ಣಿಗೋ ಒಂದು ಸಿಟ್ಟಿಂಗ್ ತಪ್ಪಿದರೆ ಕೊನೆಯಲ್ಲಿ ಸೇರಿಸಿಕೊಂಡರಾಯಿತು ಎಂದು ಸುಮ್ಮನಿರದೆ, ಶನಿವಾರ ಕೊಡಲಾದೀತೇ ಅಥವಾ ಆರು ಗಂಟೆಯ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಡಲಾದೀತೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.