ಮನೆಯಲ್ಲೇ ಹಳೆ ಕಾರಿನ ತುಕ್ಕು ಸರಿ ಮಾಡೋಕೆ ಮೊದಲ ವೆಲ್ಡಿಂಗ್ ಮಷಿನ್ ಯಾವುದು ತಗೋಬೇಕು?

ನಮಸ್ಕಾರ. ರಾಜಾಜಿನಗರದ ಮನೆಯ ಪಾರ್ಕಿಂಗ್‌ನಲ್ಲೇ ಮಾರುತಿ 800ರ ತುಕ್ಕು ಹಿಡಿದ ಫ್ಲೋರ್ ಸರಿ ಮಾಡಬೇಕು, 200 ಆಂಪಿನ ಆರ್ಕ್ ಮಷಿನ್ (ರಾಡ್ ಹಿಡಿದು ಬೆಸೆಯುವುದು) ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಈ ಕೆಲಸಕ್ಕೆ ಅದು ಬೇಡ. ಗೇಟು, ಗ್ರಿಲ್ಲು ಮಾಡೋದಾದರೆ ಅದೇ ಸರಿ. ಕಾರಿನ ಕೆಲಸಕ್ಕಾದರೆ ಸಣ್ಣ ಸಿಂಗಲ್ ಫೇಸ್ ಮಿಗ್ ಮಷಿನ್ ತಗೊಳ್ಳಿ. ಅದರಲ್ಲಿ ರಾಡಿನ ಬದಲು ತೆಳು ತಂತಿ ತಾನಾಗೇ ಬರುತ್ತದೆ, ಬೆಸುಗೆಗೆ ಗಾಳಿ ತಾಗದಂತೆ ಸಿಲಿಂಡರಿನ ಗ್ಯಾಸ್ ಕಾಯುತ್ತದೆ. ನಾನೂ ಮನೆಯಲ್ಲಿ ಹಳೆ ಕಾರಿನ ಕೆಲಸಕ್ಕೆ ಅದನ್ನೇ ಬಳಸುತ್ತೇನೆ.

ಎಲ್ಲಾ ತಗಡಿನ ದಪ್ಪದ ಮೇಲೆ ನಿಂತಿದೆ. ಕಾರಿನ ಫ್ಲೋರ್ ತಗಡು ಹೆಚ್ಚುಕಮ್ಮಿ 0.7ರಿಂದ 0.9 ಮಿ.ಮೀ. ಅಂಗಡಿಯವರ ಲೆಕ್ಕದಲ್ಲಿ 20ರಿಂದ 22 ಗೇಜ್. ತುಕ್ಕು ತಿಂದ ಕಡೆ ಇನ್ನೂ ತೆಳು. 2.5 ಮಿ.ಮೀ. ರಾಡ್ ಸರಿಯಾಗಿ ಉರಿಯೋಕೆ 60–90 ಆಂಪ್ ಬೇಕು. ಅಷ್ಟು ಬಿಸಿಯನ್ನು ಈ ತಗಡು ತಡೆಯುವುದಿಲ್ಲ, ತೂತು ಬೀಳುತ್ತದೆ. ಮುಚ್ಚೋಕೆ ಹೋದರೆ ಅಂಚು ಕರಗಿ ತೂತು ಇನ್ನೂ ದೊಡ್ಡದಾಗುತ್ತದೆ. ಕೈ ಪಳಗಿದ ಟಿಂಕರಿಂಗ್ ಮೇಸ್ತ್ರಿಗಳು ಸಣ್ಣ ರಾಡಿನಲ್ಲಿ ಹೇಗೋ ನಿಭಾಯಿಸಬಹುದು. ಹೊಸದಾಗಿ ಕಲಿಯುವವರಿಗೆ ಅದು ಕಷ್ಟ.

ಮಷಿನ್ ನೋಡುವಾಗ ಎಲ್ಲರೂ ಗರಿಷ್ಠ ಆಂಪ್ ಕೇಳುತ್ತಾರೆ. ನೀವು ಕನಿಷ್ಠ ಎಷ್ಟು ಅಂತ ಕೇಳಿ. 30–40 ಆಂಪಿಗೆ ಇಳಿದಾಗಲೂ ಆರ್ಕ್ (ಬೆಸೆಯುವ ಕಿಡಿ) ಆರದೆ ಒಂದೇ ಸಮನೆ ಉರಿಯಬೇಕು. 0.6 ಅಥವಾ 0.8 ಮಿ.ಮೀ. ತಂತಿ ಓಡಬೇಕು. ವೋಲ್ಟೇಜ್‌ಗೂ ತಂತಿಯ ಸ್ಪೀಡಿಗೂ ಬೇರೆ ಬೇರೆ ನಾಬ್ ಇದ್ದರೆ ಒಳ್ಳೆಯದು. ಕರೆಂಟ್ ಬಗ್ಗೆ ಜಾಸ್ತಿ ಹೆದರಬೇಡಿ. 60 ಆಂಪಿನಲ್ಲಿ ಆರ್ಕಿಗೆ ಸುಮಾರು 17 ವೋಲ್ಟ್, ಅಂದರೆ ಒಂದು ಕಿಲೋವ್ಯಾಟ್ ಅಷ್ಟೇ. ಮಷಿನ್ನಿನೊಳಗಿನ ನಷ್ಟ ಸೇರಿಸಿದರೂ 2 ಕಿಲೋವ್ಯಾಟಿನ ಗೀಸರ್‌ಗಿಂತ ಕಡಿಮೆ. ಅರ್ಥಿಂಗ್ ಸರಿಯಿರುವ 16 ಆಂಪ್ ಪಾಯಿಂಟ್ ಸಾಕು. 200 ಆಂಪಿಗೆ ಏರಿಸಿದರೆ ಮಾತ್ರ ಆ ಪಾಯಿಂಟ್ ತಡೆಯುವುದಿಲ್ಲ.

"ಗ್ಯಾಸೇ ಬೇಡ ಸಾರ್, ಫ್ಲಕ್ಸ್ ತಂತಿ ಹಾಕಿ" ಅಂತ ಅಂಗಡಿಯಲ್ಲಿ ಹೇಳಬಹುದು. ಅದು ಒಳಗೆ ಪುಡಿ ತುಂಬಿದ ತಂತಿ, ಆ ಪುಡಿಯೇ ಗ್ಯಾಸಿನ ಕೆಲಸ ಮಾಡುತ್ತದೆ. ತೆಳು ತಗಡಿಗೆ ಆ ದಾರಿ ಹಿಡಿಯಬೇಡಿ. ಅದರ ಬಿಸಿ ಜಾಸ್ತಿ, ಕಿಡಿ ಜಾಸ್ತಿ, ಮೇಲೆ ಪೊರೆ ಬೇರೆ ಕಟ್ಟುತ್ತದೆ. ಗ್ಯಾಸಿನಲ್ಲಿ ಬರೀ ಸಿಒ2 (ಕಾರ್ಬನ್ ಡೈಆಕ್ಸೈಡ್) ಅಗ್ಗ, ಕೆಲಸವೂ ಆಗುತ್ತದೆ. ಆರ್ಗಾನ್‌ಗೆ ಶೇ. 20ರಷ್ಟು ಸಿಒ2 ಬೆರೆಸಿದ ಗ್ಯಾಸ್ ಸಿಕ್ಕರೆ ಇನ್ನೂ ನಯವಾಗಿ ಕೂರುತ್ತದೆ. ನಿಮಗೆ ಪೀಣ್ಯ ಕೈಗಾರಿಕಾ ಪ್ರದೇಶ ಹತ್ತಿರವೇ ಅಲ್ವಾ, ಮಷಿನ್‌ಗಿಂತ ಮೊದಲು ಅಲ್ಲಿ ಸಿಲಿಂಡರ್ ಡಿಪಾಸಿಟ್ಟು, ರೀಫಿಲ್ಲು ವಿಚಾರಿಸಿ. ಬಜೆಟ್‌ನಲ್ಲಿ ರೆಗ್ಯುಲೇಟರ್ ಮತ್ತು ತಾನಾಗೇ ಕಪ್ಪಾಗುವ ಹೆಲ್ಮೆಟ್‌ಗೂ ದುಡ್ಡು ಎತ್ತಿಡಿ. ಆರ್ಕಿನ ಬೆಳಕು ಕಣ್ಣಿಗೆ ಬಡಿದರೆ ರಾತ್ರಿಯಿಡೀ ಮರಳು ಬಿದ್ದ ಹಾಗೆ ಉರಿಯುತ್ತದೆ.

ಮಷಿನ್ ಕೊಳ್ಳೋಕೆ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗಿ, ಬೇರೆಲ್ಲಿಗೇ ಹೋಗಿ, 22 ಗೇಜಿನ ಎರಡು ಸಿಆರ್ ಶೀಟ್ (ಸತು ಲೇಪವಿಲ್ಲದ ಮಾಮೂಲಿ ಉಕ್ಕಿನ ತಗಡು) ತುಂಡು ಜೊತೆಗೆ ಒಯ್ಯಿರಿ. ಅದರ ಮೇಲೆ ಒಂದೊಂದೇ ಬೆಸುಗೆಯ ಚುಕ್ಕಿ ಹಾಕಿ ತೋರಿಸಿ ಅನ್ನಿ. ಸೆಟ್ಟಿಂಗ್ ಸರಿಯಿದ್ದರೆ ಒಂದೇ ಸಮನೆ ಚರಚರ ಸದ್ದು ಬರುತ್ತದೆ. ತಂತಿ ಕೈಯನ್ನು ಹಿಂದಕ್ಕೆ ತಳ್ಳಿದರೆ ಸ್ಪೀಡ್ ಜಾಸ್ತಿಯಾಗಿದೆ. ಆಮೇಲೆ ತುಂಡು ತಿರುಗಿಸಿ ಹಿಂಭಾಗ ನೋಡಿ. ಸಣ್ಣ ಉಬ್ಬು, ಸುತ್ತ ನೀಲಿ ಉಂಗುರ ಕಂಡರೆ ಬೆಸುಗೆ ಒಳಗಿಳಿದಿದೆ. ಏನೂ ಕಾಣದಿದ್ದರೆ ಅದು ಮೇಲೆ ಸುಮ್ನೆ ಕೂತಿದೆ, ಉಳಿ ಕೊಟ್ಟರೆ ಎದ್ದುಬರುತ್ತದೆ. ಮನೆಯಲ್ಲೂ ಹಾಗೇ ಚುಕ್ಕಿ ಇಡುತ್ತಾ ಹೋಗಿ. ಒಂದು ಇಲ್ಲಿ, ಇನ್ನೊಂದು ದೂರದಲ್ಲಿ. ಒಂದೇ ಉಸಿರಿಗೆ ಗೆರೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಪ್ಯಾಚಿಗೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಬೇಡ, ಅದರ ಸತುವಿನ ಹೊಗೆಯಿಂದ ಜ್ವರ ಬರುತ್ತದೆ.

ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೀಟು, ಕಾರ್ಪೆಟ್ಟು, ಫ್ಲೋರಿಗೆ ಅಂಟಿಸಿರುವ ಡಾಂಬರಿನ ಪ್ಯಾಡ್ ಎಲ್ಲಾ ತೆಗೆಯಿರಿ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪು ಫ್ಲೋರಿನ ಕೆಳಗೇ ಇರುತ್ತದೆ, ಅದನ್ನು ನೋಡಿಕೊಳ್ಳದೆ ವೆಲ್ಡಿಂಗ್ ಟಾರ್ಚ್ ಮುಟ್ಟಲೇಬೇಡಿ. ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಸೀಟ್ ಬೆಲ್ಟ್, ಸಸ್ಪೆನ್ಷನ್ ಕೂರುವ ಜಾಗಗಳಿಗೆ ತುಕ್ಕು ಹೋಗಿದ್ದರೆ ಅಷ್ಟನ್ನು ಮಾತ್ರ ಅನುಭವಿ ಮೇಸ್ತ್ರಿಗೆ ಕೊಡಿ. ಫ್ಲೋರಿನ ಫೋಟೋ ಹಾಕಿದರೆ ಎಲ್ಲಿವರೆಗೆ ಕತ್ತರಿಸಬೇಕು ಅಂತ ಹೇಳುತ್ತೇನೆ.